ಹಳೇ ಡಾಡ್ಜ್ ಡಾರ್ಟ್‌ಗೆ ಹೊಸ ಪಿಕಪ್: ಸ್ಲ್ಯಾಂಟ್ ಸಿಕ್ಸ್ ಎಂಜಿನ್ ಕೆಲಸ, ಒಂದೊಂದೇ ಹೆಜ್ಜೆ

ಅಮೆರಿಕದಲ್ಲಿ 1960 ಮತ್ತು 70ರ ದಶಕದ ಡಾಡ್ಜ್ ಡಾರ್ಟ್, ಪ್ಲಿಮತ್ ವ್ಯಾಲಿಯಂಟ್ ಕಾರುಗಳು ಇನ್ನೂ ಓಡುವ ಸ್ಥಿತಿಯಲ್ಲಿ ಸಿಗುತ್ತವೆ. ಎಂಟು ಸಿಲಿಂಡರಿನ ಕಾರಿಗೆ ಎಲ್ಲರೂ ಮುಗಿಬೀಳುವುದರಿಂದ ಅದರ ಬೆಲೆ ಜಾಸ್ತಿ. ಆರು ಸಿಲಿಂಡರಿನದ್ದು ಕಡಿಮೆಗೆ ಬರುತ್ತದೆ. ಆ ಆರು ಸಿಲಿಂಡರಿನ ಎಂಜಿನ್ನಿಗೇ ಸ್ಲ್ಯಾಂಟ್ ಸಿಕ್ಸ್, ಅಂದರೆ ವಾಲಿದ ಆರು, ಅಂತ ಹೆಸರು. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಇಂಥ ಕಾರು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿದ್ದರೆ ಈ ಲೇಖನ ಅವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕಾರು ತಂದವರ ದೂರು ಒಂದೇ: "ಚೆನ್ನಾಗಿ ಓಡುತ್ತದೆ, ಆದರೆ ಎಳೆಯೋದಿಲ್ಲ." ಸಿಗ್ನಲ್ ಬಿಟ್ಟಾಗ ಹಿಂದಿನವರು ಹಾರ್ನ್ ಹಾಕುತ್ತಾರೆ. ಹೈವೇಗೆ ಸೇರುವಾಗ ಎದೆ ಡವಡವ. ಇದಕ್ಕೆ ಪರಿಹಾರ ಇದೆ. ಎಂಟು ಸಿಲಿಂಡರಿನ ಎಂಜಿನ್ ತಂದು ಕೂರಿಸಬೇಕಿಲ್ಲ. ಆದರೆ ಕೆಲಸ ಮಾಡುವ ಕ್ರಮ ಬಹಳ ಮುಖ್ಯ. ಮೊದಲು ಮಾಡಬೇಕಾದ್ದನ್ನು ಬಿಟ್ಟು ದೊಡ್ಡ ಕಾರ್ಬೊರೇಟರ್, ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ತಂದು ಹಾಕಿದವರ ಕಾರು ಮೊದಲಿಗಿಂತ ನಿಧಾನ ಆಗಿರುವುದೂ ಉಂಟು.

ರಸ್ತೆಯಲ್ಲಿ ನಮಗೆ ಬೇಕಾಗಿರುವುದು ಗಂಟೆಗೆ ಎಷ್ಟು ಮೈಲಿ ಮುಟ್ಟುತ್ತದೆ ಅನ್ನುವುದಲ್ಲ. 1500ರಿಂದ 4000 ಆರ್‌ಪಿಎಂ ಒಳಗೆ ಕಾಲಿಟ್ಟ ಕೂಡಲೇ ಎಳೆಯಬೇಕು, ಅಷ್ಟೇ. ಮುಂದೆ ಹೇಳುವ ಪ್ರತಿ ಕೆಲಸವನ್ನೂ ಈ ಒಂದು ಲೆಕ್ಕದಲ್ಲೇ ಆರಿಸಿದ್ದೇನೆ.

ನಿಮ್ಮ ಹತ್ತಿರ ಇರುವುದು ಯಾವ ಎಂಜಿನ್?

ಡಾಡ್ಜ್, ಪ್ಲಿಮತ್ ಎರಡರ ಒಡೆಯನಾದ ಕ್ರೈಸ್ಲರ್ ಕಂಪನಿ ಸ್ಲ್ಯಾಂಟ್ ಸಿಕ್ಸ್ ಎಂಜಿನನ್ನು 1960ರ ಮಾದರಿಯ ವ್ಯಾಲಿಯಂಟ್ ಜೊತೆ ಹೊರತಂದಿತು. ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ, 30 ಡಿಗ್ರಿ ಪಕ್ಕಕ್ಕೆ ವಾಲಿವೆ. ಹಾಗೆ ವಾಲಿಸಿದ್ದರಿಂದ ಬಾನೆಟ್ ತಗ್ಗಿಸಲು ಆಯಿತು, ಒಂದು ಪಕ್ಕದಲ್ಲಿ ಉದ್ದನೆಯ ಇನ್‌ಟೇಕ್ ಕೊಳವೆಗಳಿಗೂ ಜಾಗ ಸಿಕ್ಕಿತು.

ಮೂರು ಅಳತೆಗಳಲ್ಲಿ ಬಂತು: 170, 198 ಮತ್ತು 225 ಘನ ಇಂಚು. ಮೂರಕ್ಕೂ ಬೋರ್ (ಸಿಲಿಂಡರಿನ ಅಗಲ) ಒಂದೇ, 3.40 ಇಂಚು. ಬದಲಾಗುವುದು ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಮಾತ್ರ. 170ರಲ್ಲಿ 3.125 ಇಂಚು, 225ರಲ್ಲಿ 4.125 ಇಂಚು. ರಸ್ತೆಗೆ 225 ಉತ್ತಮ. ಸ್ಟ್ರೋಕ್ ಉದ್ದ ಇರುವುದರಿಂದ ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ಸ್ವಭಾವ ಅದಕ್ಕೆ ಹುಟ್ಟಿನಿಂದಲೇ ಇದೆ. ಲೇಖನದಲ್ಲಿ ಮುಂದೆ ಕೊಡುವ ಅಂಕಿಗಳೆಲ್ಲ 225ರವು. ಅದೇ ಉದ್ದ ಸ್ಟ್ರೋಕಿನಿಂದಾಗಿ ಇದನ್ನು 6000 ಆರ್‌ಪಿಎಂಗೆ ತಿರುಗಿಸುವ ಆಸೆ ಬೇಡ. ನನ್ನ ಪ್ರಕಾರ ರಸ್ತೆಯ ಕಾರಿಗೆ 4500 ಸಾಕು.

1976ರ ನಡುವಿನವರೆಗೆ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಫೋರ್ಜ್ ಮಾಡಿದ್ದು, ಅಂದರೆ ಬಡಿದು ರೂಪಿಸಿದ್ದು, ಆಮೇಲಿನದ್ದು ಎರಕದ್ದು. 1980ರವರೆಗೆ ಟ್ಯಾಪೆಟ್ (ಕ್ಯಾಮ್‌ನ ಒತ್ತನ್ನು ವಾಲ್ವ್ ಕಡೆ ಒಯ್ಯುವ ಭಾಗ) ಕೈಯಲ್ಲಿ ಸೆಟ್ ಮಾಡುವಂಥದ್ದು. 1981ರಿಂದ ಹೈಡ್ರಾಲಿಕ್. ಪಿಕಪ್ ಕೆಲಸಕ್ಕೆ ಹಳೆಯದೇ ಅನುಕೂಲ.

ಏನೂ ಬಿಚ್ಚುವ ಮೊದಲು ಅಳೆಯಿರಿ

ಐವತ್ತು ವರ್ಷದ ಎಂಜಿನ್ ಕಾರ್ಖಾನೆಯಿಂದ ತಂದ ಶಕ್ತಿಯನ್ನೇ ಈಗ ಕೊಡುತ್ತಿರುವುದಿಲ್ಲ. ಕಳೆದುಹೋದದ್ದನ್ನು ವಾಪಸ್ ಪಡೆಯುವುದು ಮೊದಲ ಕೆಲಸ. ಇದಕ್ಕೆ ಖರ್ಚೂ ಕಡಿಮೆ.

ಕಂಪ್ರೆಷನ್ ಟೆಸ್ಟ್‌ನಿಂದ ಶುರು ಮಾಡಿ. ಎಂಜಿನ್ ಬಿಸಿ ಇರಲಿ. ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿಡಿ. ಆರೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಆರೂ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಒಂದೇ ಒಂದು ತೀರಾ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನಪಡಿ. ರಿಂಗ್ ಹೋದ ಎಂಜಿನ್‌ಗೆ ಪಿಕಪ್ ಕೆಲಸ ಮಾಡಬೇಡಿ. ಮೊದಲು ಬೋರ್ ಕೆಲಸ ಮುಗಿಯಲಿ.

ಆಮೇಲೆ ಟೈಮಿಂಗ್ ಚೈನ್, ಅಂದರೆ ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಚೈನ್. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಮುಚ್ಚಳ ತೆಗೆದಿಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ ಒಂದು ದಿಕ್ಕಿಗೆ ತಿರುಗಿಸಿ, ನಂತರ ನಿಧಾನವಾಗಿ ವಾಪಸ್ ತಿರುಗಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಅಲ್ಲಾಡುವ ಮೊದಲು ಕ್ರ್ಯಾಂಕ್ ಎಷ್ಟು ಡಿಗ್ರಿ ಸುಮ್ನೆ ತಿರುಗಿತು ಅನ್ನುವುದೇ ಚೈನಿನ ಸಡಿಲ. ಐದಾರು ಡಿಗ್ರಿಗಿಂತ ಜಾಸ್ತಿ ಇದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಬದಲಿಸಿ. ಸಡಿಲ ಚೈನ್ ಇದ್ದರೆ ಕ್ಯಾಮ್ ತಡವಾಗಿ ಕೆಲಸ ಮಾಡುತ್ತದೆ. ಆಗ ಕೆಳಗಿನ ಆರ್‌ಪಿಎಂನ ಎಳೆತವೇ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಇದೊಂದನ್ನು ಸರಿಮಾಡಿದ ಮೇಲೆ ಬೇರೆ ಕಾರನ್ನೇ ಓಡಿಸಿದ ಹಾಗೆ ಅನಿಸುತ್ತದೆ.

ಮೂರನೆಯದು ಟ್ಯಾಪೆಟ್. ಎಂಜಿನ್ ಚೆನ್ನಾಗಿ ಬಿಸಿಯಾದಾಗ ವಾಲ್ವ್ ಹತ್ತಿರದ ಸಂದು ಇನ್‌ಟೇಕ್‌ಗೆ 10 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಎಕ್ಸಾಸ್ಟ್‌ಗೆ 20 ಥೌ. ಅಂದರೆ 0.25 ಮತ್ತು 0.50 ಮಿಲಿಮೀಟರ್. ಈ ಎಂಜಿನ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತದೆ. ಅದು ಕಾಯಿಲೆ ಅಲ್ಲ, ಅದರ ಮಾತೇ ಹಾಗೆ. ಸದ್ದು ನಿಲ್ಲಿಸಲು ಅಂತ ಟ್ಯಾಪೆಟ್ ಬಿಗಿ ಮಾಡಿದರೆ ಎಕ್ಸಾಸ್ಟ್ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಶಾಖ ಹೊರಗೆ ಹೋಗದೆ ವಾಲ್ವ್ ಸುಡುತ್ತದೆ. ಮೌನವಾಗಿರುವ ಸ್ಲ್ಯಾಂಟ್ ಸಿಕ್ಸ್ ಕಂಡರೆ ನಾನು ಮೊದಲು ಫೀಲರ್ ಗೇಜ್ ತೆಗೆದುಕೊಳ್ಳುತ್ತೇನೆ.

ಬ್ರೇಕ್

ಆರು ಸಿಲಿಂಡರಿನ ಹಳೇ ಡಾರ್ಟ್‌ಗಳಿಗೆ ಕೊಟ್ಟದ್ದು 9 ಇಂಚಿನ ಡ್ರಮ್ ಬ್ರೇಕ್. ಕಾರು ಇದ್ದ ಹಾಗೇ ಇದ್ದರೂ ಅದು ಸಾಲದು. 1966ರವರೆಗಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಸರ್ಕ್ಯೂಟ್. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಬಂದ ಎರಡು ಸರ್ಕ್ಯೂಟಿನ ಮಾಸ್ಟರ್ ಹಾಕಿಸಿ. ಸಾಧ್ಯವಾದರೆ 1973ರಿಂದ 76ರ ಡಾರ್ಟ್‌ನ ಮುಂದಿನ ಡಿಸ್ಕ್ ಬ್ರೇಕ್ ತಂದು ಕೂರಿಸಿ. ಇದು ಬಹಳ ಜನ ಮಾಡಿರುವ ಕೆಲಸ, ಭಾಗಗಳೂ ಸಿಗುತ್ತವೆ. ಇದನ್ನು ಮುಗಿಸದೆ ಮುಂದಿನ ಹೆಜ್ಜೆಗೆ ದಯವಿಟ್ಟು ಹೋಗಬೇಡಿ.

ಚಕ್ರ ಬಿಚ್ಚುವಾಗ ಒಂದು ವಿಷಯ ಗೊತ್ತಿರಲಿ. 1970ರವರೆಗಿನ ಕ್ರೈಸ್ಲರ್ ಕಾರುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಬಲ ಹಾಕಿದರೆ ಸ್ಟಡ್ ಮುರಿದು ಕೈಗೆ ಬರುತ್ತದೆ.

ಇಗ್ನಿಷನ್: ಕಡಿಮೆ ದುಡ್ಡಿಗೆ ಜಾಸ್ತಿ ಲಾಭ

1972-73ರ ಹೊತ್ತಿಗೆ ಕ್ರೈಸ್ಲರ್ ಪಾಯಿಂಟ್ (ಕಿಡಿಗಾಗಿ ಕರೆಂಟ್ ತುಂಡರಿಸುವ ಸ್ವಿಚ್) ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಬಂತು. ನಿಮ್ಮದು ಅದಕ್ಕಿಂತ ಹಳೆಯದಾದರೆ ಆ ಡಿಸ್ಟ್ರಿಬ್ಯೂಟರ್, ಕಂಟ್ರೋಲ್ ಪೆಟ್ಟಿಗೆ ಮತ್ತು ವೈರಿಂಗ್ ತಂದು ಹಾಕಬಹುದು. ಸೆರಾಮಿಕ್ ಬ್ಯಾಲಸ್ಟ್ ರೆಸಿಸ್ಟರ್ ಒಂದು ಜಾಸ್ತಿ ಕೊಂಡು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಅದು ಹೋದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟ ಕೂಡಲೇ ನಿಲ್ಲುತ್ತದೆ. ಈ ಲಕ್ಷಣ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದಾಗ ಅದರ ಕೆಳಗಿನ ಗೇರ್ ನೋಡಿ. ಅದು ನೈಲಾನ್ ಗೇರ್. ವಯಸ್ಸಾದಂತೆ ಪುಡಿಪುಡಿ ಆಗುತ್ತದೆ. ಹಲ್ಲು ಸ್ವಲ್ಪ ಮುಕ್ಕಾಗಿದ್ದರೂ ಹೊಸದು ಹಾಕಿ.

ಇನ್ನು ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅನ್ನುವುದು. ಕಾರ್ಖಾನೆಯವರು ಕಿಡಿಯನ್ನು ಬಹಳ ತಡವಾಗಿ ಇಟ್ಟಿದ್ದರು. 60ರ ದಶಕದ ಕಾರುಗಳಲ್ಲಿ 2.5 ಡಿಗ್ರಿ ಆಸುಪಾಸು, 70ರ ದಶಕದಲ್ಲಿ ಹೊಗೆಯ ನಿಯಮಕ್ಕಾಗಿ ಸೊನ್ನೆಯ ಹತ್ತಿರ. ಈ ಎಂಜಿನ್‌ಗೆ ಐಡಲ್‌ನಲ್ಲಿ 8ರಿಂದ 10 ಡಿಗ್ರಿ ಕೊಟ್ಟರೆ ಕಾಲಿಟ್ಟ ಕೂಡಲೇ ವ್ಯತ್ಯಾಸ ತಿಳಿಯುತ್ತದೆ.

ಆದರೆ ಡಿಸ್ಟ್ರಿಬ್ಯೂಟರ್ ಸುಮ್ನೆ ತಿರುಗಿಸಿ ಬಿಡುವಂತಿಲ್ಲ. ವೇಗ ಏರಿದಾಗ ಒಳಗಿನ ತೂಕಗಳು ಟೈಮಿಂಗನ್ನು ಇನ್ನೂ ಮುಂದಕ್ಕೆ ಒಯ್ಯುತ್ತವೆ. ಐಡಲ್‌ನ ಡಿಗ್ರಿ ಮತ್ತು ತೂಕಗಳು ಸೇರಿಸುವ ಡಿಗ್ರಿ, ಎರಡೂ ಸೇರಿ 30ರ ಆಸುಪಾಸು ನಿಲ್ಲಬೇಕು. ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು 3000 ಆರ್‌ಪಿಎಂ ಹತ್ತಿರ ನೋಡಿ. 30 ದಾಟಿ ಹೋಗುತ್ತಿದ್ದರೆ ತೂಕಗಳು ಎಷ್ಟು ದೂರ ಹೋಗಬೇಕೆಂದು ತಡೆಯುವ ಒಳಗಿನ ಸೀಳಿನ ಉದ್ದ ಕಡಿಮೆ ಮಾಡಿಸಬೇಕು. ಹಗುರ ಸ್ಪ್ರಿಂಗ್ ಹಾಕಿದರೆ ಅಡ್ವಾನ್ಸ್ ಬೇಗ ಬರುತ್ತದೆ, ಪಿಕಪ್ ಇನ್ನೂ ಚುರುಕಾಗುತ್ತದೆ. ಡಿಸ್ಟ್ರಿಬ್ಯೂಟರ್ ಯಂತ್ರ ಇರುವವರ ಹತ್ತಿರ ಇದನ್ನು ಮಾಡಿಸಿದರೆ ಒಳ್ಳೆಯದು.

ಲೈಟ್ ಹಿಡಿಯುವ ಮುಂಚೆ ಗುರುತೇ ಸರಿ ಇದೆಯಾ ನೋಡಿಕೊಳ್ಳಿ. ಗುರುತು ಇರುವುದು ಕ್ರ್ಯಾಂಕ್‌ನ ಮುಂದಿನ ತುದಿಯ ಡ್ಯಾಂಪರ್ ಚಕ್ರದ ಮೇಲೆ. ಅದರ ಹೊರಗಿನ ಬಳೆ ಮತ್ತು ಒಳಗಿನ ಭಾಗದ ಮಧ್ಯೆ ರಬ್ಬರ್ ಇದ್ದರೆ, ಅದು ಹಳೆಯದಾಗಿ ಬಳೆ ಜಾರಿರಬಹುದು. ಆಗ ಸೊನ್ನೆಯ ಗುರುತು ಸೊನ್ನೆಯಲ್ಲಿ ಇರುವುದಿಲ್ಲ. ಒಂದನೇ ಸಿಲಿಂಡರಿನ ಪಿಸ್ಟನ್ ನಿಜವಾಗಿ ಮೇಲೆ ಬರುವ ಜಾಗವನ್ನು ಪಿಸ್ಟನ್ ಸ್ಟಾಪ್ ಹಾಕಿ ಕಂಡುಹಿಡಿದು ಹೊಸ ಗುರುತು ಹಾಕಿ.

ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಗಾಳಿ ಎಳೆಯುವ ಬಲದಿಂದ ಟೈಮಿಂಗ್ ಮುಂದಕ್ಕೆ ಒಯ್ಯುವ ಡಬ್ಬಿ) ಕಿತ್ತು ಬಿಸಾಡುವವರು ಇದ್ದಾರೆ. ಅದು ಓಟದ ಪಂದ್ಯದವರ ಅಭ್ಯಾಸ. ರಸ್ತೆಯ ಕಾರಿಗೆ ಅದು ಬೇಕೇ ಬೇಕು. ಪೈಪನ್ನು ಬಾಯಲ್ಲಿ ಎಳೆದು ನೋಡಿ. ಉಸಿರು ನಿಲ್ಲದೆ ಒಳಗೆ ಗಾಳಿ ಬರುತ್ತಿದ್ದರೆ ಡಯಾಫ್ರಂ ಹರಿದಿದೆ.

ಪ್ಲಗ್ ಗ್ಯಾಪ್ 35 ಥೌ. ಫೈರಿಂಗ್ ಆರ್ಡರ್ 1-5-3-6-2-4, ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. 1974ರವರೆಗಿನ ಹೆಡ್‌ನಲ್ಲಿ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಪ್ಲಗ್‌ಗಳು ತಗಡಿನ ಕೊಳವೆಯ ಒಳಗೆ ಕೂರುತ್ತವೆ. ಆ ಕೊಳವೆಯ ಕೆಳಗಿನ ರಬ್ಬರ್ ಉಂಗುರ ಹೋದರೆ ಆಯಿಲ್ ಸೋರುತ್ತದೆ. ಆರೂ ಒಟ್ಟಿಗೆ ಬದಲಿಸಿಬಿಡಿ.

ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್

ಈ ಎಂಜಿನ್‌ಗೆ ಹೆಚ್ಚಾಗಿ ಕೊಟ್ಟದ್ದು ಒಂದೇ ಬಾಯಿಯ ಕಾರ್ಬೊರೇಟರ್. 70ರ ದಶಕದ ಕೊನೆಗೆ ಕ್ರೈಸ್ಲರ್ ತಾನೇ ಎರಡು ಬಾಯಿಯ ಕಾರ್ಟರ್ ಬಿಬಿಡಿ ಕಾರ್ಬೊರೇಟರ್ ಹಾಕಿ "ಸೂಪರ್ ಸಿಕ್ಸ್" ಅಂತ ಮಾರಿತು. ರಸ್ತೆಯ ಕಾರಿಗೆ ನನ್ನ ಮೊದಲ ಆಯ್ಕೆ ಇದೇ. ಕಾರ್ಖಾನೆಯ ಲೆಕ್ಕದಲ್ಲಿ ಇದರಿಂದ ಬಂದದ್ದು ಸುಮಾರು 10 ಅಶ್ವಶಕ್ತಿ. ಕಡಿಮೆ ಅನಿಸಬಹುದು. ಆದರೆ ಮೇಲೆ ಉಸಿರು ಕಟ್ಟುವುದು ತಪ್ಪುತ್ತದೆ, ಓಡಿಸುವವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ನಾಲ್ಕು ಬಾಯಿಯ ಕಾರ್ಬೊರೇಟರ್ ಹಾಕಲು ಆಫೆನ್‌ಹೌಸರ್, ಕ್ಲಿಫರ್ಡ್ ಕಂಪನಿಗಳ ಮ್ಯಾನಿಫೋಲ್ಡ್‌ಗಳಿವೆ (ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಜೋಡಣೆ). ಹಾಕುವುದಾದರೆ ಸಣ್ಣದನ್ನು ಹಾಕಿ. ಲೆಕ್ಕ ಸುಲಭ. 225 ಘನ ಇಂಚನ್ನು 4500 ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 293 ಬರುತ್ತದೆ. ಅಂದರೆ ಸಿಲಿಂಡರ್ ನೂರಕ್ಕೆ ನೂರು ತುಂಬಿದರೂ ನಿಮಿಷಕ್ಕೆ 293 ಘನ ಅಡಿ ಗಾಳಿ ಸಾಕು. ನಿಜದಲ್ಲಿ ಅಷ್ಟು ತುಂಬುವುದೂ ಇಲ್ಲ. 390 ಅಳತೆಯ ಹಾಲಿ (Holley) ಕಂಪನಿಯ ಕಾರ್ಬೊರೇಟರ್ ಬೇಕಾದಷ್ಟಾಯಿತು. 600 ಅಥವಾ 750 ಹಾಕಿದರೆ ಗಾಳಿಯ ವೇಗ ಕುಸಿದು ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ, ಸಿಗ್ನಲ್‌ನಲ್ಲಿ ಕಾರು ಮುಗ್ಗರಿಸುತ್ತದೆ.

ಇಲ್ಲಿ ಎರಡು ಕಡೆ ಬಹಳ ಜನ ಎಡವುತ್ತಾರೆ.

ಮೊದಲನೆಯದು ಮ್ಯಾನಿಫೋಲ್ಡ್ ಬೋಲ್ಟ್. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಹೆಡ್‌ನ ಒಂದೇ ಪಕ್ಕದಲ್ಲಿವೆ. ಎರಡನ್ನೂ ಮಧ್ಯದಲ್ಲಿ ಮೂರು ಬೋಲ್ಟ್‌ಗಳು ಜೋಡಿಸುತ್ತವೆ. ಎಕ್ಸಾಸ್ಟ್ ಬಿಸಿಯಾದಾಗ ಉದ್ದ ಆಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಅದಕ್ಕೆ ಸ್ವಲ್ಪ ಜಾರಲು ಬಿಡಬೇಕು. ಆ ಮೂರು ಬೋಲ್ಟ್‌ಗಳನ್ನು ಮೊದಲು ಕೈಯಷ್ಟು ಸಡಿಲ ಇಟ್ಟು, ಎರಡನ್ನೂ ಒಟ್ಟಿಗೆ ಹೆಡ್‌ಗೆ ಕೂರಿಸಿ, ಹೆಡ್‌ನ ನಟ್ಟುಗಳನ್ನು ಬರೀ 10 ಅಡಿ-ಪೌಂಡ್‌ಗೆ ಬಿಗಿ ಮಾಡಿ. ಆಮೇಲೆ ಮಧ್ಯದ ಮೂರನ್ನು ಬಿಗಿ ಮಾಡಿ. ಕಾರ್ಖಾನೆಯ ಶಂಕುವಿನ ಆಕಾರದ ವಾಷರ್‌ಗಳನ್ನು, ಹಿತ್ತಾಳೆಯ ವಾಷರ್‌ಗಳನ್ನು ಎಸೆಯಬೇಡಿ, ಅವು ಇರುವುದೇ ಜಾರಲು ಅಂತ. ಸಾಕೆಟ್‌ಗೆ ಉದ್ದ ಹಿಡಿ ಹಾಕಿ ಜಗ್ಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಖಂಡಿತ ಸೀಳುತ್ತದೆ.

ಎರಡನೆಯದು ಆಟೋಮ್ಯಾಟಿಕ್ ಗೇರ್ ಇರುವವರಿಗೆ. ಕಾರ್ಬೊರೇಟರ್‌ನಿಂದ ಟಾರ್ಕ್‌ಫ್ಲೈಟ್ ಗೇರ್ ಬಾಕ್ಸ್‌ಗೆ ಒಂದು ಸರಳು ಹೋಗುತ್ತದೆ. ಎಷ್ಟು ಒತ್ತಿದ್ದೀರಿ ಅನ್ನುವುದನ್ನು ಅದು ಗೇರ್ ಬಾಕ್ಸ್‌ಗೆ ತಿಳಿಸುತ್ತದೆ, ಅದರ ಪ್ರಕಾರ ಒಳಗಿನ ಆಯಿಲ್ ಒತ್ತಡ ಏರುತ್ತದೆ. ಕಾರ್ಬೊರೇಟರ್ ಬದಲಿಸಿ ಆ ಸರಳನ್ನು ನೇತಾಡಲು ಬಿಟ್ಟರೆ ಕ್ಲಚ್ ಪ್ಲೇಟ್‌ಗಳು ಜಾರಿ ಸುಡುತ್ತವೆ. ಸೂಪರ್ ಸಿಕ್ಸ್ ಭಾಗಗಳನ್ನು ಕೊಳ್ಳುವಾಗ ಆ ಸರಳು ಮತ್ತು ಬ್ರಾಕೆಟ್ ಸಮೇತ ಕೊಳ್ಳಿ. ಪೂರ್ತಿ ಒತ್ತಿದಾಗ ಸರಳು ತನ್ನ ಕೊನೆ ಮುಟ್ಟುವ ಹಾಗೆ ಹೊಂದಿಸಿ.

ಹಳೇ ರಬ್ಬರ್ ಪೆಟ್ರೋಲ್ ಪೈಪ್‌ಗಳನ್ನು ಇದೇ ಹೊತ್ತಿಗೆ ಬದಲಿಸಿಬಿಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ತಿಂದುಹಾಕುತ್ತದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಹೊಗೆ ಹೊರಗೆ ಹೋಗಲಿ

ಮೂಲ ಸೈಲೆನ್ಸರ್ ಪೈಪ್ ಸಣ್ಣದು. ಎರಡೂಕಾಲು ಇಂಚಿನ ಒಂದೇ ಪೈಪ್ ಮತ್ತು ನೇರವಾಗಿ ಹಾಯುವ ಒಳ್ಳೇ ಸೈಲೆನ್ಸರ್ ಸಾಕು. ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲು ಹೆಡರ್ (ಪ್ರತಿ ಸಿಲಿಂಡರಿಗೂ ಬೇರೆ ಕೊಳವೆ ಇರುವಂಥದ್ದು) ಹಾಕಿದರೆ ಇನ್ನೂ ಒಳ್ಳೆಯದು. ಮುಂದಿನ ಮೂರು ಸಿಲಿಂಡರ್ ಒಂದು ಕೊಳವೆಗೆ, ಹಿಂದಿನ ಮೂರು ಇನ್ನೊಂದಕ್ಕೆ ಹೋಗುವ ಹಾಗಿರಲಿ. ಫೈರಿಂಗ್ ಆರ್ಡರ್ ನೋಡಿ: 1, 3, 2 ಒಂದು ಕಡೆ, 5, 6, 4 ಇನ್ನೊಂದು ಕಡೆ. ಒಂದು ಬಿಟ್ಟು ಒಂದು ಬರುತ್ತದೆ. ಹಾಗಾಗಿ ಪ್ರತಿ ಕೊಳವೆಗೂ ಸಮ ಅಂತರದಲ್ಲಿ ಹೊಗೆ ಬರುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಚಳಿ ಊರಿನಲ್ಲಿದ್ದರೆ ಹೆಡರ್‌ಗಿಂತ ಎರಕದ ಮ್ಯಾನಿಫೋಲ್ಡೇ ವಾಸಿ. ಇನ್‌ಟೇಕ್‌ನ ತಳಕ್ಕೆ ಬಿಸಿ ಸಿಗದಿದ್ದರೆ ಬೆಳಿಗ್ಗೆ ಕಾರು ಬಹಳ ಹೊತ್ತು ಸತಾಯಿಸುತ್ತದೆ.

ಕಂಪ್ರೆಷನ್: ನಿಜವಾದ ಕೊರತೆ ಇಲ್ಲೇ

ಸ್ಲ್ಯಾಂಟ್ ಸಿಕ್ಸ್ ಬಗ್ಗೆ ಒಂದೇ ಮಾತು ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. 225ರಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ಬ್ಲಾಕ್‌ನ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಕಾಗದದ ಮೇಲೆ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಜಾಗ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವುದು, 8.4ಕ್ಕೆ 1. ನಿಜಕ್ಕೂ ಅಳೆದರೆ ಅದಕ್ಕಿಂತ ಕಡಿಮೆಯೇ ಬರುವುದು ಸಾಮಾನ್ಯ.

ಲೆಕ್ಕ ಹೀಗೆ. ಒಂದು ಸಿಲಿಂಡರ್ ಎಳೆಯುವ ಗಾತ್ರ 614 ಸಿಸಿ. ನಿಜವಾದ ಕಂಪ್ರೆಷನ್ 8 ಅಂದುಕೊಳ್ಳಿ. ಆ 8 ಪಾಲಿನಲ್ಲಿ ಒಂದು ಪಾಲು ಮೇಲೆ ಉಳಿಯುವುದರಿಂದ 614ನ್ನು 7ರಿಂದ ಭಾಗಿಸಿದರೆ ಮೇಲೆ ಉಳಿಯುವ ಜಾಗ ಸುಮಾರು 88 ಸಿಸಿ. ಮೂಲದಲ್ಲಿದ್ದ ತೆಳು ಉಕ್ಕಿನ ಹೆಡ್ ಗ್ಯಾಸ್ಕೆಟ್ 20 ಥೌ ದಪ್ಪ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಎರಡರಷ್ಟು. ಬರೀ ಗ್ಯಾಸ್ಕೆಟ್ ಬದಲಿಸಿದರೆ ಮೂರು ಸಿಸಿ ಜಾಗ ಹೆಚ್ಚಾಗಿ ಕಂಪ್ರೆಷನ್ ಇನ್ನೂ ಇಳಿಯುತ್ತದೆ. ಹೆಡ್ ಕೆಲಸ ಮಾಡಿಸಿದ ಮೇಲೆ ಕಾರು ಸ್ವಲ್ಪ ಮಂಕಾಯಿತು ಅನ್ನುವವರು ಈ ಗ್ಯಾಸ್ಕೆಟ್ ದಪ್ಪವನ್ನು ನೋಡಿಕೊಳ್ಳಬೇಕು.

ಪರಿಹಾರ ಹೆಡ್ ಫೇಸಿಂಗ್, ಅಂದರೆ ಹೆಡ್‌ನ ತಳವನ್ನು ಯಂತ್ರದಲ್ಲಿ ಸವೆಸುವುದು. ಈ ಹೆಡ್‌ನಲ್ಲಿ 100 ಥೌ, ಅಂದರೆ ಎರಡೂವರೆ ಮಿಲಿಮೀಟರ್ ತೆಗೆದರೆ ಸುಮಾರು 15 ಸಿಸಿ ಹೋಗುತ್ತದೆ. 88ರಲ್ಲಿ 15 ಕಳೆದರೆ 73. ಆಗ ಕಂಪ್ರೆಷನ್ ಸುಮಾರು 9.4ಕ್ಕೆ ಏರುತ್ತದೆ. ಇದು ಎಲ್ಲಾ ಆರ್‌ಪಿಎಂನಲ್ಲೂ, ಐಡಲ್‌ನಿಂದ ಶುರುವಾಗಿ, ಎಳೆತ ಕೊಡುತ್ತದೆ. ಮೈಲೇಜೂ ಸುಧಾರಿಸುತ್ತದೆ. ಕ್ಯಾಮ್ ಆಗಲಿ ಕಾರ್ಬೊರೇಟರ್ ಆಗಲಿ ಕೆಳಗಿನ ಆರ್‌ಪಿಎಂನಲ್ಲಿ ಇಷ್ಟು ಕೊಡುವುದಿಲ್ಲ.

ಇನ್ನೊಂದು ಅನುಕೂಲ ಇದೆ. ವಿ ಆಕಾರದ ಎಂಜಿನ್‌ನಲ್ಲಿ ಹೆಡ್ ಸವೆಸಿದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಹೊಂದುವುದಿಲ್ಲ, ಅದನ್ನೂ ಸವೆಸಬೇಕು. ಇಲ್ಲಿ ಎರಡು ಮ್ಯಾನಿಫೋಲ್ಡೂ ಒಂದೇ ಹೆಡ್‌ಗೆ ನೇತಾಡುತ್ತವೆ. ಹೆಡ್ ಇಳಿದಷ್ಟೂ ಅವೂ ಇಳಿಯುತ್ತವೆ, ಅಷ್ಟೇ.

ಆದರೆ ಅಂದಾಜಿನ ಮೇಲೆ ಸವೆಸಬೇಡಿ. ಮೊದಲು ಒಂದು ಗಾಜಿನ ತುಂಡು ಮತ್ತು ಅಳತೆಯ ಬ್ಯೂರೆಟ್ ಹಿಡಿದು ಹೆಡ್‌ನ ಗುಳಿಗೆ ಎಷ್ಟು ಸಿಸಿ ದ್ರವ ಹಿಡಿಯುತ್ತದೆ ನೋಡಿ. ಪಿಸ್ಟನ್ ಎಷ್ಟು ಕೆಳಗಿದೆ ಡೆಪ್ತ್ ಗೇಜ್‌ನಲ್ಲಿ ಅಳೆಯಿರಿ. ಹಿಂದೆ ಯಾರೋ ಆಗಲೇ ಸವೆಸಿರಬಹುದು. ಈ ಅಂಕಿಗಳನ್ನು ಬರೆದುಕೊಂಡೇ ಮಷಿನ್ ಶಾಪ್‌ಗೆ ಹೋಗಿ. ಗುರಿ 9ರಿಂದ 9.5ರ ಒಳಗೆ ಇರಲಿ. ಅದಕ್ಕೆ ಪ್ರೀಮಿಯಂ ಪೆಟ್ರೋಲ್ ಬೇಕಾಗಬಹುದು. 9ರ ಹತ್ತಿರ ನಿಲ್ಲಿಸಿ ಟೈಮಿಂಗ್ ಸರಿ ಇಟ್ಟರೆ ಎಷ್ಟೋ ಕಾರುಗಳು ಸಾದಾ ಪೆಟ್ರೋಲ್‌ನಲ್ಲೇ ನಡೆಯುತ್ತವೆ. ಏರಿನಲ್ಲಿ ಕಟಕಟ ನಾಕಿಂಗ್ ಕೇಳಿದರೆ ಕೂಡಲೇ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ತನ್ನಿ.

ಹೆಡ್ ಇಳಿದ ಮೇಲೆ ಪುಶ್‌ರಾಡ್ (ಟ್ಯಾಪೆಟ್‌ನಿಂದ ಮೇಲಿನ ರಾಕರ್ ಸನ್ನೆಗೆ ಹೋಗುವ ಕಡ್ಡಿ) ಉದ್ದ ಹೆಚ್ಚಾದ ಹಾಗಾಗುತ್ತದೆ. ರಾಕರ್‌ನ ಸ್ಕ್ರೂ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಸ್ಕ್ರೂ ಕೊನೆ ಮುಟ್ಟುತ್ತಿದ್ದರೆ ಗಿಡ್ಡ ಪುಶ್‌ರಾಡ್ ಮಾಡಿಸಿ.

ಹೆಡ್ ಹೇಗೂ ಹೊರಗಿದೆ. ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಹಾಕಿಸಿ, ಸೀಸ ಇಲ್ಲದ ಪೆಟ್ರೋಲ್‌ಗೆ ಅದು ಬೇಕು. ಮೂಲ ವಾಲ್ವ್‌ಗಳು 1.62 ಮತ್ತು 1.36 ಇಂಚು. 1.70 ಮತ್ತು 1.44ರ ವಾಲ್ವ್ ಕೂರಿಸಲು ಜಾಗ ಇದೆ. ಸೀಟಿನ ಕೆಳಗಿನ ಚೂಪು ಅಂಚನ್ನು ನುಣುಪು ಮಾಡಿಸುವುದನ್ನು ಮರೆಯಬೇಡಿ. ಪೋರ್ಟ್‌ಗಳನ್ನೇ ಅಗಲ ಮಾಡಲು ಹೋಗುವುದು ರಸ್ತೆಯ ಕಾರಿಗೆ ಬೇಡ.

ಕ್ಯಾಮ್ ಬದಲಿಸಬೇಕಾ?

ಕಂಪ್ರೆಷನ್ ಏರಿಸಿದ ಮೇಲೆ ಮಾತ್ರ, ಅದೂ ಮೂಲಕ್ಕಿಂತ ಸ್ವಲ್ಪವೇ ದೊಡ್ಡದು. ದೊಡ್ಡ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರಲು ಶುರುಮಾಡಿದ ಮೇಲೂ ವಾಲ್ವ್ ತೆರೆದೇ ಇರುತ್ತದೆ, ಎಳೆದುಕೊಂಡ ಗಾಳಿ ವಾಪಸ್ ಹೋಗುತ್ತದೆ. 8ರ ಕಂಪ್ರೆಷನ್‌ಗೆ ದೊಡ್ಡ ಕ್ಯಾಮ್ ಸೇರಿದರೆ ಕೆಳಗೆ ಏನೂ ಉಳಿಯುವುದಿಲ್ಲ.

1960ರಲ್ಲಿ ಕ್ರೈಸ್ಲರ್ 170 ಎಂಜಿನ್‌ಗೆ "ಹೈಪರ್ ಪ್ಯಾಕ್" ಅಂತ ಒಂದು ಕಿಟ್ ಕೊಟ್ಟಿತ್ತು. 101 ಅಶ್ವಶಕ್ತಿ 148ಕ್ಕೆ ಏರಿತು. ಆ ವರ್ಷ ಡೇಟೋನಾದಲ್ಲಿ ನಡೆದ ಸಣ್ಣ ಕಾರುಗಳ ಓಟದಲ್ಲಿ ಮಾರ್ವಿನ್ ಪ್ಯಾಂಚ್ ಗೆದ್ದರು, ಮೊದಲ ಏಳು ಸ್ಥಾನವೂ ವ್ಯಾಲಿಯಂಟ್‌ಗಳದ್ದೇ. ಉದ್ದ ಕೊಳವೆಯ ಮ್ಯಾನಿಫೋಲ್ಡ್ ಎಲ್ಲರ ಕಣ್ಣಿಗೆ ಬಿತ್ತು. ಆದರೆ ಆ ಕಿಟ್‌ನಲ್ಲಿ 10.5ರ ಕಂಪ್ರೆಷನ್ ಕೊಡುವ ಪಿಸ್ಟನ್ ಕೂಡ ಇತ್ತು. ಕ್ಯಾಮ್ ಕೆಲಸ ಮಾಡಿದ್ದು ಅದರ ಬಲದ ಮೇಲೆ.

ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್‌ಗಳೂ ಹೊಸದೇ ಆಗಬೇಕು. ಸತು ಜಾಸ್ತಿ ಇರುವ ಆಯಿಲ್ ಹಾಕಿ. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸು 20 ನಿಮಿಷ ಓಡಿಸಿ.

ಹಿಂದಿನ ಕ್ರೌನ್

ಕ್ರೌನ್ ಅಂದರೆ ಹಿಂದಿನ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ಗೇರ್. ಎಂಜಿನ್ ಕೆಲಸಕ್ಕಿಂತ ಇದು ಕೆಲವರಿಗೆ ಜಾಸ್ತಿ ತೃಪ್ತಿ ಕೊಡಬಹುದು. 70ರ ದಶಕದ ಬಹಳಷ್ಟು ಆರು ಸಿಲಿಂಡರಿನ ಆಟೋಮ್ಯಾಟಿಕ್ ಕಾರುಗಳಲ್ಲಿ ಕ್ರೌನ್ ಅನುಪಾತ 2.76. ಇದನ್ನು 3.23 ಮಾಡಿದರೆ ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇಕಡ 17 ಹೆಚ್ಚು. ಎಂಜಿನ್ ಮುಟ್ಟದೆ ಶೇಕಡ 17!

ಕೊಡಬೇಕಾದ ಬೆಲೆಯೂ ಇದೆ. 25 ಇಂಚಿನ ಟೈರ್ ಇದ್ದರೆ ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಸುಮಾರು 2500ರ ಬದಲು 2900 ಆರ್‌ಪಿಎಂ ತಿರುಗುತ್ತದೆ. ದಿನಾ ಹೈವೇಯಲ್ಲಿ ದೂರ ಓಡಿಸುವವರು ಯೋಚಿಸಿ. ಊರೊಳಗೆ ಓಡಿಸುವವರು ಯೋಚಿಸಬೇಕಿಲ್ಲ. ಡಾರ್ಟ್‌ನ ಏಳೂಕಾಲು ಇಂಚಿನ ಆಕ್ಸಲ್ ಅಷ್ಟು ಗಟ್ಟಿ ಅಲ್ಲ. ನಿಂತಲ್ಲಿಂದ ಟೈರ್ ಉಜ್ಜುವ ಚಪಲ ಇದ್ದರೆ ಎಂಟೂಕಾಲು ಅಥವಾ ಎಂಟೂಮುಕ್ಕಾಲು ಇಂಚಿನದ್ದು ಹುಡುಕಿ. ಕ್ರೌನ್ ಬದಲಿಸಿದ ಮೇಲೆ ಸ್ಪೀಡೋಮೀಟರ್‌ನ ಸಣ್ಣ ಗೇರ್ ಕೂಡ ಬದಲಿಸಬೇಕು, ಇಲ್ಲದಿದ್ದರೆ ಅದು ಇಲ್ಲದ ವೇಗ ತೋರಿಸುತ್ತದೆ.

ಪರೀಕ್ಷೆ, ಕಾನೂನು, ಮತ್ತು ನಮ್ಮ ಊರಿನ ಹಳೇ ಕಾರುಗಳು

ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಓಡಿಸಿ ನೋಡಿ, ಬರೆದಿಡಿ. ಸೈಲೆನ್ಸರ್ ಪೈಪ್‌ಗೆ ಆಕ್ಸಿಜನ್ ಸೆನ್ಸರ್ ಹಾಕಿ ಗಾಳಿ-ಪೆಟ್ರೋಲ್ ಅನುಪಾತ ನೋಡುವ ಮೀಟರ್ ಈಗ ದುಬಾರಿ ಅಲ್ಲ. ಪೂರ್ತಿ ಒತ್ತಿದಾಗ 12.5ರಿಂದ 13ರ ಒಳಗೆ ಇರಬೇಕು. ಪ್ಲಗ್‌ಗಳನ್ನೂ ಬಿಚ್ಚಿ ನೋಡಿ. ತುದಿಯ 1 ಮತ್ತು 6ನೇ ಪ್ಲಗ್ ಮಧ್ಯದವುಗಳಿಗಿಂತ ಬೆಳ್ಳಗಿದ್ದರೆ ದೂರದ ಸಿಲಿಂಡರುಗಳಿಗೆ ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಅಳತೆಯ ತೂತು) ಆರಿಸುವಾಗ ಆ ಎರಡನ್ನು ನೋಡಿ ಆರಿಸಿ.

ಸಮಯ ಅಳೆಯಬೇಕು ಅನಿಸಿದರೆ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸುವ ಸಂಜೆಗಳಿರುತ್ತವೆ. ಊರ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಅಪರಾಧ, ಪ್ರಾಣಕ್ಕೂ ಅಪಾಯ. ಹೊಗೆಯ ನಿಯಮವನ್ನು ನಿಮ್ಮ ರಾಜ್ಯದಲ್ಲಿ ವಿಚಾರಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾದರಿಯ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ, 1976ರಿಂದ ಇದೆ. ಕಾರು ಕೊಳ್ಳುವಾಗಲೇ ಈ ಒಂದು ವರ್ಷದ ವ್ಯತ್ಯಾಸ ನೆನಪಿರಲಿ.

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಜೋಡಿಸಿದ ಡಾಡ್ಜ್, ಪ್ಲಿಮತ್, ಡಿ ಸೋಟೊ ಕಾರುಗಳು ಕರ್ನಾಟಕದ ಹಳೇ ಕಾರು ಪ್ರಿಯರ ಮನೆಗಳಲ್ಲೂ ಇವೆ. ಅವುಗಳಲ್ಲೂ ಆರು ಸಿಲಿಂಡರೇ, ಆದರೆ ಅದು ಸ್ಲ್ಯಾಂಟ್ ಸಿಕ್ಸ್‌ಗಿಂತ ಹಿಂದಿನ ಫ್ಲಾಟ್‌ಹೆಡ್ ಎಂಜಿನ್. ಅಳೆಯುವುದು, ಟೈಮಿಂಗ್, ಚೈನ್, ಬ್ರೇಕ್, ಕ್ರೌನ್ ಬಗ್ಗೆ ಮೇಲೆ ಹೇಳಿದ ವಿಧಾನ ಅಲ್ಲಿಗೂ ಹೊಂದುತ್ತದೆ, ಅಂಕಿಗಳನ್ನು ಮಾತ್ರ ಆ ಎಂಜಿನ್ ಮ್ಯಾನ್ಯುಯಲ್‌ನಿಂದ ತೆಗೆದುಕೊಳ್ಳಿ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆರ್‌ಸಿಯಲ್ಲಿ ಬರೆದಿರುವುದಕ್ಕೆ ವಿರುದ್ಧವಾಗುವ ಹಾಗೆ ವಾಹನ ಬದಲಿಸುವಂತಿಲ್ಲ, ಬೇರೆ ಎಂಜಿನ್ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹೆಡ್ ಫೇಸಿಂಗ್ ವಿಷಯದಲ್ಲೂ ಎಚ್ಚರ ಬೇಕು. ಫ್ಲಾಟ್‌ಹೆಡ್‌ನಲ್ಲಿ ವಾಲ್ವ್‌ಗಳು ಬ್ಲಾಕ್‌ನಲ್ಲಿದ್ದು ಮೇಲಕ್ಕೆ, ಹೆಡ್‌ನ ಗುಳಿಯೊಳಗೆ ಏಳುತ್ತವೆ. ಎರಡೂವರೆ ಮಿಲಿಮೀಟರ್ ಸವೆಸಿದರೆ ವಾಲ್ವ್ ಹೋಗಿ ಹೆಡ್‌ಗೆ ಬಡಿಯಬಹುದು. ಫೇಸಿಂಗ್ ಮಾಡಿಸುವ ಮೊದಲು ವಾಲ್ವ್ ಮೇಲೆ ಮೇಣದ ಉಂಡೆ ಇಟ್ಟು, ಹಳೇ ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿ ಮಾಡಿ, ಎಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಹೆಡ್ ಬಿಚ್ಚಿ, ಒತ್ತಿಹೋದ ಮೇಣದ ದಪ್ಪ ಅಳೆದು, ಅದರಿಂದ ಎಷ್ಟು ಸವೆಸಬಹುದು ಅಂತ ತೀರ್ಮಾನಿಸಿ.